ಗ್ಯಾರೇಜಿನ ದೈವ, ದ್ರಾಕ್ಷಿಯ ದೇವರು

ನನ್ನ ಕಾದಂಬರಿಗಳನ್ನು ಓದಿದವರು ಮೊದಲು ಕೇಳುವ ಪ್ರಶ್ನೆ ಒಂದೇ. ಹಾರುವ ಹಡಗುಗಳೂ ಮಾತಾಡುವ ಕಾಡುಗಳೂ ಇರುವ ನಿಮ್ಮ ಕಥೆಗಳಲ್ಲಿ ಗ್ರೀಕರ ಆ ದ್ರಾಕ್ಷಾರಸದ ದೇವರು, ಡಯೊನಿಸಸ್, ಯಾಕೆ ಬಂದೇ ಬರುತ್ತಾನೆ? ಬಂದವನು ಒಂದು ಸಲವಾದರೂ ಯಾಕೆ ನಗಿಸುವುದಿಲ್ಲ? ಈಗಿನ ಫ್ಯಾಂಟಸಿ ಪುಸ್ತಕಗಳಲ್ಲಿ ಅವನಿಗೊಂದು ಕೆಲಸ ಗೊತ್ತುಮಾಡಿಟ್ಟಿದ್ದಾರೆ. ಹೊಟ್ಟೆ ಬಿಟ್ಟುಕೊಂಡು, ಮೂಗು ಕೆಂಪಗೆ ಮಾಡಿಕೊಂಡು, ತೊದಲುತ್ತಾ ಬಂದು ಉಳಿದ ದೇವರುಗಳ ನಡುವೆ ಮುಗ್ಗರಿಸಿ ಬೀಳುವುದು. ಬಿದ್ದರೆ ಮಕ್ಕಳು ನಗುತ್ತಾರೆ, ಪುಟ ಮುಂದಕ್ಕೆ ಹೋಗುತ್ತದೆ. ನನ್ನ ಮೊದಲ ಪುಸ್ತಕದ ಸಂಪಾದಕಿಯೂ ಅವನನ್ನು ಸ್ವಲ್ಪ ತಮಾಷೆಯವನನ್ನಾಗಿ ಮಾಡಲು ಹೇಳಿದ್ದಳು. ನಾನು ಮಾಡಲಿಲ್ಲ. ಮಾಡುವುದೂ ಇಲ್ಲ. ಕಾರಣ ಕೇಳಿದವರಿಗೆ ಇಷ್ಟು ವರ್ಷ ಏನೋ ಒಂದು ಹೇಳಿ ಸಾಗಹಾಕಿದ್ದೇನೆ. ಕಾರಣ ಇರುವುದು ಸಿಯಾಟಲ್ ಹತ್ತಿರದ ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ ನಾನು ಬೆಳೆದ ಮನೆಯ ಗ್ಯಾರೇಜಿನಲ್ಲಿ. ಹೇಳುವುದಾದರೆ ಅಲ್ಲಿಂದಲೇ ಹೇಳಬೇಕು.

ಆ ಮನೆಯ ಮುಂದಿನ ಕೋಣೆ ಪೂರ್ತಿ ಅತಿಥಿಗಳದ್ದು. ತಿಳಿ ಬಣ್ಣದ ಕಾರ್ಪೆಟ್, ಯಾರೂ ಒರಗಿ ಕೂರದ ಸೋಫಾ, ಒಂದು ದಿನವೂ ಉರಿಸದ ಫೈರ್‌ಪ್ಲೇಸ್, ಪಕ್ಕದಲ್ಲಿ ಪುಟ್ಟ ಬಲ್ಬುಗಳ ಪೂಜೆಯ ಕಪಾಟು. ಕಪಾಟಿನಲ್ಲಿ ಕೃಷ್ಣ, ಗಣಪತಿ, ಲಕ್ಷ್ಮಿ. ಯಾರು ನೋಡಿದರೂ ಕೈಮುಗಿಯುವಂಥವರು. ನಾವು ನಿಜವಾಗಿ ಬದುಕುತ್ತಿದ್ದದ್ದು ಗ್ಯಾರೇಜಿನಲ್ಲಿ. ಅಮ್ಮ ಬಂಗುಡೆ ಹುರಿಯುತ್ತಿದ್ದದ್ದು ಅಲ್ಲಿ, ಶಟರ್ ಅರ್ಧ ಎತ್ತಿ, ಜಾಕೆಟ್ ಹಾಕಿಕೊಂಡು, ಎಲೆಕ್ಟ್ರಿಕ್ ಒಲೆಯ ಮುಂದೆ ನಿಂತು. ಕಾರ್ಪೆಟ್‌ಗೆ ಮೀನಿನ ವಾಸನೆ ಹಿಡಿಯಬಾರದಲ್ಲ. ಅಪ್ಪನ ಬಿಯರ್ ಫ್ರಿಜ್ ಇದ್ದದ್ದೂ ಅಲ್ಲೇ. ನೀರಿನ ಹೀಟರಿನ ಪಕ್ಕದಲ್ಲಿ ಗೋಡೆಗೆ ಹೊಡೆದ ಒಂದು ಹಲಗೆ, ಆ ಹಲಗೆಯ ಮೇಲೆ ಒಂದು ಪುಟ್ಟ ಮಣೆ, ಹಿತ್ತಾಳೆಯ ದೀಪ, ಒಂದು ಲೋಟ. ಅದು ನಮ್ಮ ಮನೆತನವನ್ನು ಕಾಯುವ ದೈವದ ಜಾಗ. ಮಣೆಯನ್ನು ಅಜ್ಜಿ, ಅಪ್ಪನ ಅಮ್ಮ, ಮಂಗಳೂರಿನ ಕಡೆಯ ಮನೆಯಿಂದ ಸೀರೆಯೊಳಗೆ ಸುತ್ತಿ ತಂದಿದ್ದಳು. ಬಂದ ದಿನವೇ ಅದನ್ನು ಮುಂದಿನ ಕೋಣೆಯಲ್ಲಿ, ಪೂಜೆಯ ಕಪಾಟಿನ ಪಕ್ಕ ಇಟ್ಟಿದ್ದಳು. ಮೊದಲ ಸಲ ಅತಿಥಿಗಳು ಬರುವವರಿದ್ದಾಗ ಅಪ್ಪ ಅದನ್ನು ಎತ್ತಿಕೊಂಡು ಗ್ಯಾರೇಜಿಗೆ ಹೋದ. ಅಜ್ಜಿ ಹಿಂದೆಯೇ ಹೋದಳು, ನಾನು ಅಜ್ಜಿಯ ಹಿಂದೆ. ಅವರಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ, ಇಲ್ಲಿಗೆ ಬರುವವರೆಲ್ಲ ಬೇರೆ ತರ. ಆ ಲೋಟ ಯಾಕೆ, ಅದರಲ್ಲಿ ಎಂತ ಇಡುವುದು ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

"ಇದ್ದದ್ದು ಹೇಳು. ಕಳ್ಳು ಅಂತ ಹೇಳು. ನಿನ್ನ ಅಪ್ಪ ಇಳಿಸಿದ ಕಳ್ಳಿನಲ್ಲೇ ಅಲ್ವಾ ನೀನು ಇಂಜಿನಿಯರ್ ಆದದ್ದು?"

"ಅದೆಲ್ಲ ಇಲ್ಲಿ ಬೇಡ."

ಅದೆಲ್ಲ ಇಲ್ಲಿ ಬೇಡ. ನನ್ನ ಬಾಲ್ಯದಲ್ಲಿ ಅತಿ ಹೆಚ್ಚು ಕೇಳಿದ ವಾಕ್ಯ ಇದು. ಬೇಡವಾದದ್ದು ಏನೆಂದರೆ, ನಾವು ಬಿಲ್ಲವರು, ನನ್ನ ಅಜ್ಜ ಮೂರ್ತೆ ಮಾಡುತ್ತಿದ್ದವನು. ಮರ ಹತ್ತಿ ಕಳ್ಳು ಇಳಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಇಳಿಸಿದ ಕಳ್ಳಿನಲ್ಲಿ ಮೊದಲ ಲೋಟ ದೈವಕ್ಕೆ. ಎರಡನೆಯದು ಇಳಿಸಿದವನಿಗೆ. ಮಿಕ್ಕದ್ದು ಊರಿಗೆ. ಬೆಲ್ವ್ಯೂನ ಎತ್ತರದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ತನ್ನ ಬೆಂಗಳೂರು, ಮೈಸೂರಿನ ಗೆಳೆಯರಿಗೆ ಹೇಳಿದ್ದೇ ಬೇರೆ. "ನಮ್ಮ ಫಾದರ್‌ದು ಕೋಕೊನಟ್ ಬಿಸಿನೆಸ್" ಅನ್ನುತ್ತಿದ್ದ. ಪೂರ್ತಿ ಸುಳ್ಳೇನಲ್ಲ ಬಿಡಿ. ಅಜ್ಜ ದಿನಾ ಬೆಳಿಗ್ಗೆ ಸಂಜೆ ತೆಂಗಿನ ಮರದಲ್ಲೇ ಇರುತ್ತಿದ್ದ. ಮರಗಳು ಮಾತ್ರ ಬೇರೆಯವರವು. ಇನ್ನೊಂದು ವಿಷಯ. ಅಪ್ಪ ಮನೆಯೊಳಗೆ ಸಾಕ್ಸ್ ಬಿಚ್ಚುತ್ತಿರಲಿಲ್ಲ, ಬೇಸಿಗೆಯ ಸೆಕೆಯಲ್ಲೂ. ಅವರಿಗೆ ಚಳಿ ಜಾಸ್ತಿ ಎಂದು ಅಮ್ಮ ಹೇಳಿದ್ದಳು. ನಾನು ನಂಬಿದ್ದೆ.

ಪ್ರತಿ ಸಂಕ್ರಮಣಕ್ಕೆ ಅಜ್ಜಿ ಗ್ಯಾರೇಜಿನಲ್ಲಿ ದೀಪ ಹಚ್ಚಿ, ಎಲೆಯ ಮೇಲೆ ಅನ್ನ, ಕೋಳಿಸಾರು ಬಡಿಸಿ, ಲೋಟ ತುಂಬಿಸುತ್ತಿದ್ದಳು. ಆದರೆ ಬಾಥೆಲ್‌ನಲ್ಲಿ ಕಳ್ಳು ಎಲ್ಲಿಂದ ತರುವುದು? ಅಪ್ಪ ತರುವುದಾಗಿ ಒಪ್ಪಿಕೊಂಡು, ಅಂಗಡಿಯಿಂದ ಬಿಳಿ ದ್ರಾಕ್ಷಿಯ ಜ್ಯೂಸ್ ತಂದು ಬೇರೆ ಬಾಟಲಿಗೆ ಬಗ್ಗಿಸಿ ಕೊಟ್ಟ. ಇದು ಇಲ್ಲಿನ ಕಳ್ಳು ಎಂದ. ಅಜ್ಜಿ ಅದನ್ನು ದೈವಕ್ಕೆ ಇಟ್ಟಳು, ಕೈಮುಗಿದಳು, ಪ್ರಸಾದವೆಂದು ಒಂದು ಗುಟುಕು ಕುಡಿದಳು, ಲೋಟ ಕೆಳಗಿಟ್ಟಳು.

"ಇದು ಜ್ವರದವರಿಗೆ ಕೊಡುವ ನೀರು ಮಾರಾಯ. ದೈವಕ್ಕೆ ಜ್ವರ ಬಂದಿಲ್ಲ."

ಅಲ್ಲಿಗೆ ಆ ವಿಷಯದಲ್ಲಿ ಅಪ್ಪನನ್ನು ಕೇಳುವುದನ್ನೇ ಬಿಟ್ಟಳು. ನಮ್ಮ ಹಿತ್ತಲಿನ ಬೇಲಿಯಾಚೆ, ತೊರೆಯ ಕಡೆಗೆ ಇಳಿಯುವ ಜಾಗದಲ್ಲಿ, ಬ್ಲ್ಯಾಕ್‌ಬೆರಿಯ ಮುಳ್ಳುಬಳ್ಳಿ ಬೆಳೆದಿತ್ತು. ಈ ಊರಲ್ಲಿ ಅದನ್ನು ಯಾರೂ ನೆಡುವುದಿಲ್ಲ, ಎಲ್ಲರೂ ಕಡಿಯುತ್ತಾರೆ. ಅಪ್ಪನೂ ಪ್ರತಿ ವಸಂತದಲ್ಲಿ ದಪ್ಪ ಕೈಗವಸು ಹಾಕಿಕೊಂಡು ಬುಡದವರೆಗೆ ಕಡಿಯುತ್ತಿದ್ದ. ಆಗಸ್ಟ್ ಬರುವಷ್ಟರಲ್ಲಿ ಅದು ಬೇಲಿ ಹಾರಿ ಹುಲ್ಲಿನ ಮೇಲೆ ಬಂದು ಕೂತಿರುತ್ತಿತ್ತು. ಆ ವರ್ಷ ಅಜ್ಜಿ ಬಕೆಟ್ ಹಿಡಿದು ಹೊರಟಳು. ಕೈಯೆಲ್ಲ ಗೀರು, ಬೆರಳೆಲ್ಲ ನೇರಳೆ ಬಣ್ಣ. ಹಣ್ಣನ್ನು ಕಿವುಚಿ, ಸಕ್ಕರೆ ಹಾಕಿ, ದೊಡ್ಡ ಗಾಜಿನ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹೀಟರಿನ ಹಿಂದೆ ಬೆಚ್ಚಗೆ ಇಟ್ಟಳು. ದಿನಾ ಹೋಗಿ ಕಿವಿಯಿಟ್ಟು ಕೇಳುತ್ತಿದ್ದಳು. ನನಗೂ ಕೇಳಿಸಿದಳು. ಒಳಗೆ ಗುಳುಗುಳು ಸದ್ದು. ಭರಣಿ ಅಪ್ಪನ ಕಣ್ಣಿಗೆ ಬಿದ್ದ ದಿನ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

"ಹೆಂಡ ಮಾಡ್ತಿದ್ದೀಯಾ ಅಮ್ಮ? ಸಣ್ಣ ಹುಡುಗಿ ಇರುವ ಮನೆಯಲ್ಲಿ?"

"ನಿನ್ನ ಫ್ರಿಜ್ಜಿನಲ್ಲಿ ಇರುವುದು ಎಳನೀರಾ?"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಗು ತಡೆಯಲಾಗದೆ ಎಂದು ನನಗೆ ಗೊತ್ತಿತ್ತು. ಭರಣಿ ಅಲ್ಲೇ ಉಳಿಯಿತು, ಮಣೆಯೂ ಅಲ್ಲೇ ಉಳಿಯಿತು.

ಅದೇ ಬೇಸಿಗೆಯಲ್ಲಿ ನಾನು ಲೈಬ್ರರಿಯಿಂದ ಒಂದು ಫ್ಯಾಂಟಸಿ ಕಾದಂಬರಿ ತಂದೆ. ಗ್ರೀಕರ ದೇವರುಗಳು ಈಗಿನ ನಗರಗಳಲ್ಲಿ ಬದುಕುವ ಕಥೆ. ಅದರಲ್ಲಿ ದ್ರಾಕ್ಷಾರಸದ ದೇವರು ಒಂದು ಬಾರಿನಲ್ಲಿ ಕೂತಿರುತ್ತಾನೆ, ಕುರ್ಚಿಯಿಂದ ಜಾರಿ ಬೀಳುತ್ತಾನೆ, ಕಥೆಯ ಮಕ್ಕಳು ಅವನ ಜೇಬಿನಿಂದ ಬೀಗದ ಕೈ ಕದ್ದು ನಗುತ್ತಾ ಓಡುತ್ತಾರೆ. ನಾನೂ ನಕ್ಕೆ. ಆಮೇಲೆ ಅವನ ಬಗ್ಗೆ ಇನ್ನಷ್ಟು ನಗು ಸಿಗಬಹುದೆಂದು ಪುರಾಣಗಳ ದಪ್ಪ ಪುಸ್ತಕ ತಂದೆ. ಅದರಲ್ಲಿ ಬೀಳುವವನು ಎಲ್ಲೂ ಇರಲಿಲ್ಲ. ಹುಟ್ಟುವ ಮೊದಲೇ ತಾಯಿ ಸಿಡಿಲಿನಲ್ಲಿ ಸುಟ್ಟುಹೋಗಿ, ತಂದೆಯ ತೊಡೆಯೊಳಗೆ ಹೊಲಿಸಿಕೊಂಡು ಬೆಳೆದ ಮಗು ಇತ್ತು. ಹುಡುಗನೆಂದು ತಿಳಿದು ಕಡಲುಗಳ್ಳರು ಹಿಡಿದೊಯ್ದಾಗ, ಹಡಗಿನ ಕಂಬಕ್ಕೆಲ್ಲ ಬಳ್ಳಿ ಹಬ್ಬಿಸಿ, ಕಳ್ಳರನ್ನು ಡಾಲ್ಫಿನ್ ಮಾಡಿ ನೀರಿಗೆ ಕಳಿಸಿದವನಿದ್ದ. ತಾಯಿಯ ಊರಾದ ಥೀಬ್ಸ್‌ಗೆ ಮರಳಿ ಬಂದಾಗ, ಸ್ವಂತ ಬಂಧುಗಳೇ ಇವನು ನಮ್ಮವನಲ್ಲ, ದೇವರೂ ಅಲ್ಲ ಎಂದರು. ಅಲ್ಲಿನ ರಾಜ ಅವನ ಚಿಕ್ಕಮ್ಮನ ಮಗನೇ. ಅವನೇ ಇವನನ್ನು ಹಿಡಿಸಿ ಲಾಯದಲ್ಲಿ ಕಟ್ಟಿಹಾಕಿಸಿದ. ಅದನ್ನು ಓದಿದಾಗ ಪುಸ್ತಕ ಎತ್ತಿಕೊಂಡು ಗ್ಯಾರೇಜಿಗೆ ಓಡಿದೆ. ಅಜ್ಜಿ ಕಾರಿನ ಪಕ್ಕ ಸ್ಟೂಲಿನ ಮೇಲೆ ಕೂತು ಮೀನು ತೊಳೆಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಓದಿಕೊಂಡು ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ.

"ಲಾಯ ಅಂದ್ರೆ ಮನೆಯ ಒಳಗಾ, ಹೊರಗಾ?"

"ಹೊರಗೆ ಅಜ್ಜಿ. ರಾಜನ ಕುದುರೆ, ಗಾಡಿ ಎಲ್ಲ ಇಡುವ ಜಾಗ."

ಅಜ್ಜಿ ಕಾರನ್ನು ನೋಡಿದಳು. ಹೀಟರಿನ ಕಡೆ ನೋಡಿದಳು.

"ಹಾಗಾದ್ರೆ ಅವನೂ ಗ್ಯಾರೇಜಿನಲ್ಲೇ. ಮತ್ತೆ ಎಂತ ಆಯ್ತು?"

"ಅರಮನೆ ಕುಸಿದು ಬಿತ್ತು. ಅವನು ಕಟ್ಟು ಬಿಚ್ಚಿಕೊಂಡು ನಡೆದು ಬಂದ."

"ಬೀಳದೆ ಮತ್ತೆ? ನಿನ್ನ ಅಪ್ಪನಿಗೆ ಹೇಳ್ಬೇಡ ಬಾಲೆ. ಪಾಪ, ನಿದ್ದೆ ಬರ್ಲಿಕ್ಕಿಲ್ಲ."

ಆ ರಾಜನನ್ನು ಕೊನೆಗೆ ಹರಿದುಹಾಕಿದ್ದು ಅವನ ಸ್ವಂತ ತಾಯಿ. ಅದನ್ನು ಮಾತ್ರ ನಾನು ಅಜ್ಜಿಗೆ ಓದಿ ಹೇಳಲಿಲ್ಲ. ಎಷ್ಟೆಂದರೂ ಅವಳು ಅಪ್ಪನ ಅಮ್ಮ. ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಡಯೊನಿಸಸ್ಸೂ ನಮ್ಮ ದೈವವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಂಥ ಹೋಲಿಕೆಗಳಿಂದ ಪುಸ್ತಕ ಬರೆಯುವವರು ಬೇಕಷ್ಟಿದ್ದಾರೆ, ಬರೆದುಕೊಳ್ಳಲಿ. ಅಜ್ಜಿಯೂ ಒಪ್ಪುತ್ತಿರಲಿಲ್ಲ. ಅವನು ಅಲ್ಲಿಯವನು, ಇವರು ನಮ್ಮವರು, ಆದರೆ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರಿಸಬಹುದು ಎಂದಳು. ನನಗಾದದ್ದು ಇಷ್ಟೆ. ಆ ಕಾದಂಬರಿಯಲ್ಲಿ ನಾನು ಯಾರನ್ನು ನೋಡಿ ನಕ್ಕಿದ್ದೆ ಎಂದು ತಿಳಿಯಿತು. ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಪುರಾಣದ ಪುಸ್ತಕದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅವನ ಇನ್ನೊಂದು ಕಥೆ ಸಿಕ್ಕಿತು. ಅದನ್ನು ಅಜ್ಜಿಗೂ ಹೇಳದೆ ಇಟ್ಟುಕೊಂಡೆ. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಮಳೆ ಶುರುವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಅಪ್ಪನ ಆಫೀಸಿನ ಕನ್ನಡದವರು ಸಂಸಾರ ಸಮೇತ ಬಂದಿದ್ದರು. ಅಮ್ಮ ಹಿಂದಿನ ದಿನವೇ ಮೀನಿನ ಒಲೆಗೆ ಬಟ್ಟೆ ಮುಚ್ಚಿ, ಮನೆಯೆಲ್ಲ ಊದುಬತ್ತಿ ಹಚ್ಚಿ, ಬಿಸಿಬೇಳೆಬಾತು ಮಾಡಿದ್ದಳು. ಇಂಥ ಊಟಗಳಲ್ಲಿ ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳು ಮಹಡಿಯಲ್ಲಿ, ಗಂಡಸರು ಅಪ್ಪನ ಕಾರಿನ ಹೊಸ ಟೈರ್ ನೋಡಲು ಗ್ಯಾರೇಜಿನಲ್ಲಿ. ಅಷ್ಟು ಸಲ ಟೈರ್ ನೋಡಿದವರು ಇಡೀ ಸಿಯಾಟಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಪೂಜೆಯ ಕಪಾಟು ಇರುವಲ್ಲಿ ಬಿಯರ್ ತೆರೆಯುವಂತಿಲ್ಲ ಎಂದು ಅವರವರ ಹೆಂಡತಿಯರ ಕಟ್ಟಪ್ಪಣೆ. ಅಮ್ಮ ಕಾಗದದ ತಟ್ಟೆ ತರಲು ನನ್ನನ್ನು ಗ್ಯಾರೇಜಿಗೆ ಕಳಿಸಿದಾಗ ಅಜ್ಜಿಯೂ ಉಪ್ಪಿನಕಾಯಿಯ ಜಾಡಿಗೆಂದು ಜೊತೆಗೆ ಬಂದಳು. ಒಳಗೆ ಕಾಲಿಟ್ಟವರು ಇಬ್ಬರೂ ನಿಂತುಬಿಟ್ಟೆವು. ಮೈಸೂರಿನ ರಾಘು ಅಂಕಲ್, ಅಪ್ಪನ ಹತ್ತಿರದ ಗೆಳೆಯ, ಮಾತಾಡುತ್ತಾ ಮಾತಾಡುತ್ತಾ ತಮ್ಮ ಬಿಯರ್ ಕ್ಯಾನ್ ಅನ್ನು ದೈವದ ಮಣೆಯ ಮೇಲೆ ಇಟ್ಟಿದ್ದರು. ಸಾಮಾನಿಡುವ ಹಲಗೆ ಎಂದುಕೊಂಡಿರಬೇಕು. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅಪ್ಪನ ಮುಖ ನೋಡಿದ ಅಂಕಲ್ ಕ್ಯಾನಿಗೆ ಕೈ ಹಾಕಿದರು.

"ತೆಗೀಬೇಡಿ. ಇಟ್ಟದ್ದು ಇಟ್ಟ ಹಾಗೇ ಇರ್ಲಿ," ಎಂದಳು ಅಜ್ಜಿ.

"ಸಾರಿ ಅಮ್ಮಾ, ಗೊತ್ತಾಗ್ಲಿಲ್ಲ. ಇದು ದೇವ್ರ ಸ್ಟ್ಯಾಂಡಾ?"

"ದೈವ. ತೊಂದ್ರೆ ಇಲ್ಲ ಮಗ. ಎಷ್ಟೋ ಸಮಯ ಆಗಿತ್ತು, ಈ ಮನೆಯ ಗಂಡಸರು ತಾವು ಕುಡಿಯುವುದನ್ನೇ ಇಡದೆ."

ರಾಘು ಅಂಕಲ್‌ಗೆ ಅರ್ಥವಾಗಲಿಲ್ಲ. "ದೇವ್ರಿಗೆ ಬಿಯರಾ?" ಎಂದು ಕೇಳಿ ಜೋರಾಗಿ ನಕ್ಕರು. ನಮ್ಮ ಪಾರ್ಟಿಗೆ ತಕ್ಕ ದೇವರು ಎಂದು ಇನ್ನೊಬ್ಬರು ಸೇರಿಸಿದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅದು ನನಗೆ ಗುರುತಿದ್ದ ನಗು. ಕುರ್ಚಿಯಿಂದ ಜಾರಿಬಿದ್ದ ದೇವರನ್ನು ನೋಡಿ ನಾನು ನಕ್ಕ ನಗು.

"ಹಳೇ ಕಾಲದವರು ನೋಡಿ, ಏನೋ ನಂಬಿಕೆ," ಎಂದ ಅಪ್ಪ, ಬೆಂಗಳೂರಿನ ಕನ್ನಡದಲ್ಲಿ. "ನಾಳೆನೇ ಇದನ್ನೆಲ್ಲ ಪ್ಯಾಕ್ ಮಾಡಿ ಮೇಲಿಟ್ಬಿಡ್ತೀನಿ."

ಅಜ್ಜಿ ಉಪ್ಪಿನಕಾಯಿಯ ಜಾಡಿ ಮರೆತು ಒಳಗೆ ಹೋದಳು. ಅಪ್ಪನಿಗೆ ಎಷ್ಟು ಸಲ ಎದುರುತ್ತರ ಕೊಟ್ಟವಳು, ಅವತ್ತು ಕೊಡಲಿಲ್ಲ. ನನಗೆ ಹೆದರಿಕೆಯಾಯಿತು. ಮುಂದಿನ ಕೋಣೆಯಿಂದ ಗ್ಯಾರೇಜಿಗೆ ಹೋದದ್ದು ಇನ್ನು ಡಬ್ಬಕ್ಕೆ ಹೋಗುತ್ತದೆ, ಡಬ್ಬದಿಂದ ಎಲ್ಲಿಗೆ ಹೋಗುತ್ತದೆಂದು ಸಣ್ಣವಳಾದರೂ ನನಗೆ ಗೊತ್ತಾಯಿತು.

ಊಟವಾದ ಮೇಲೆ ಒಂದು ಕ್ರಮ ಇತ್ತು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಫೈರ್‌ಪ್ಲೇಸಿನ ಮುಂದೆ ನಿಂತು ಏನಾದರೂ ಒಪ್ಪಿಸಬೇಕು. ಒಬ್ಬಳು ದೇವರನಾಮ, ಒಬ್ಬ ಶ್ಲೋಕ, ಒಬ್ಬ ಪಿಯಾನೊ. ದೊಡ್ಡವರು ಸೋಫಾದಲ್ಲಿ, ಅಜ್ಜಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ. ರಾಘು ಅಂಕಲ್ ಹೆಂಡತಿ ಶೈಲಾ ಆಂಟಿ ಎಲ್ಲರನ್ನೂ ಕರೆದು ನಿಲ್ಲಿಸುವವರು.

"ನಿಶ್ಮಿತಾ, ನೀನೇನ್ ಹೇಳ್ತೀಯಾ ಪುಟ್ಟಿ? ಶ್ಲೋಕ ಬರುತ್ತಾ?"

"ಕಥೆ ಹೇಳ್ತೇನೆ ಆಂಟಿ."

"ವೆರಿ ಗುಡ್. ಇಂಗ್ಲಿಷಲ್ಲೇ ಹೇಳಮ್ಮ, ಪರವಾಗಿಲ್ಲ."

"ಇಲ್ಲ. ಕನ್ನಡದಲ್ಲೇ ಹೇಳ್ತೇನೆ."

ಅಜ್ಜಿಗೆ ಒಂದು ಮಾತೂ ತಪ್ಪಬಾರದಿತ್ತು, ಅದಕ್ಕೆ. ಆ ಸಣ್ಣ ಅಕ್ಷರದ ಕಥೆ ಹೇಳಿದೆ. ಇಕಾರಿಯಸ್ ಎಂಬ ರೈತನೊಬ್ಬ ಡಯೊನಿಸಸ್‌ನನ್ನು ಮನೆಯೊಳಗೆ ಕರೆದು ಉಪಚರಿಸಿದ. ದೇವರು ಸಂತೋಷಪಟ್ಟು ಅವನಿಗೆ ದ್ರಾಕ್ಷಿ ಬೆಳೆಯುವುದನ್ನೂ ರಸ ಹುಳಿಸುವುದನ್ನೂ ಕಲಿಸಿದ. ಇಕಾರಿಯಸ್ ಒಳ್ಳೆಯವನು. ತಾನೊಬ್ಬನೇ ಕುಡಿಯುವುದು ಸರಿಯಲ್ಲವೆಂದು ಗಾಡಿಯಲ್ಲಿ ತುಂಬಿಕೊಂಡು ಹೋಗಿ ಊರಿನ ಕುರುಬರಿಗೆಲ್ಲ ಹಂಚಿದ. ಅವರು ಬೇಕುಬೇಕೆಂದು ಕುಡಿದರು. ತಲೆ ತಿರುಗಿದಾಗ ಇವನು ವಿಷ ಹಾಕಿದ ಎಂದು ಕೂಗಿ, ದೊಣ್ಣೆಯಿಂದ ಹೊಡೆದು ಕೊಂದು, ಮರದ ಕೆಳಗೆ ಹೂತರು. ಬೆಳಗಾದಾಗ ಎಲ್ಲರೂ ಆರಾಮಾಗಿ ಎದ್ದರು. ಅವನ ಮಗಳು ಅಪ್ಪನನ್ನು ಹುಡುಕುತ್ತಾ ಊರೂರು ಅಲೆದಳು. ಕೊನೆಗೆ ಅವನ ನಾಯಿ ಅವಳ ಬಟ್ಟೆ ಕಚ್ಚಿ ಎಳೆದು ಆ ಮರದ ಹತ್ತಿರ ಕರೆದುಕೊಂಡು ಹೋಯಿತು. ಇಷ್ಟು ಹೇಳಿದಾಗ ಆಂಟಿ ಚಪ್ಪಾಳೆಗೆ ಕೈ ಎತ್ತಿದರು. ನಾನು ನಿಲ್ಲಿಸಲಿಲ್ಲ.

"ನನ್ನ ಅಜ್ಜನೂ ಹಾಗೇ. ಮರ ಹತ್ತಿ ಕಳ್ಳು ಇಳಿಸ್ತಿದ್ದರು. ಕೋಕೊನಟ್ ಬಿಸಿನೆಸ್ ಅಲ್ಲ. ಎಲ್ಲರೂ ಕುಡಿದು, ಆಮೇಲೆ ಅವರನ್ನೇ ಕಳ್ಳಿನವ ಅಂತ ದೂರ ನಿಲ್ಲಿಸ್ತಿದ್ದರು. ಗ್ಯಾರೇಜಿನಲ್ಲಿ ಇರುವುದು ನಮ್ಮ ದೈವ. ಅದನ್ನು ಪ್ಯಾಕ್ ಮಾಡಿದ್ರೆ ನಾನು ಆ ಡಬ್ಬದ ಪಕ್ಕದಲ್ಲೇ ಮಲಗ್ತೇನೆ, ಒಳಗೆ ಬರೋದಿಲ್ಲ."

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಕೆಳಗಿಡುವ ಸದ್ದು ಕೇಳಿಸಿತು. ಮೊದಲು ಮಾತಾಡಿದ್ದು ಬಾಗಿಲ ಹತ್ತಿರ ಕೂತಿದ್ದ ಅಜ್ಜಿ.

"ನಿನ್ನ ಅಜ್ಜನನ್ನು ಯಾರೂ ಕೊಲ್ಲಲಿಲ್ಲ ಬಾಲೆ. ಜಗಲಿ ಹತ್ತಲಿಕ್ಕೆ ಬಿಡ್ಲಿಲ್ಲ, ಅಷ್ಟೆ."

ರಾಘು ಅಂಕಲ್ ಅಪ್ಪನ ಕಡೆ ತಿರುಗಿದರು. ಹುಡುಗಿ ಏನೋ ಕಥೆ ಕಟ್ಟುತ್ತಿದ್ದಾಳೆ ಎಂದು ಅಪ್ಪ ಹೇಳಲಿ ಎಂದು ಕಾಯುವ ಹಾಗಿತ್ತು ಅವರ ಮುಖ.

"ಹೌದೇನ್ರೀ ವಸಂತ್?"

ಅಪ್ಪ ನನ್ನನ್ನು ನೋಡಿದ. ಬೈಗುಳ ಬರುತ್ತದೆಂದು ನಾನು ಕಾದೆ. ಅವನು ಬಗ್ಗಿ ಒಂದು ಕಾಲಿನ ಸಾಕ್ಸ್ ಎಳೆದ. ಆಮೇಲೆ ಇನ್ನೊಂದು. ಎರಡನ್ನೂ ಸೋಫಾದ ಮೇಲೆ ಇಟ್ಟು, ಕಾಲು ಚಾಚಿದ. ಪಾದಗಳ ಮೇಲ್ಭಾಗದಲ್ಲಿ, ಎರಡೂ ಕಡೆ ಒಂದೇ ಜಾಗದಲ್ಲಿ, ಕಪ್ಪಗೆ ದಪ್ಪಗೆ ಚರ್ಮ ಜಡ್ಡುಗಟ್ಟಿತ್ತು. ನಾನು ಅದನ್ನು ನೋಡಿದ್ದು ಅದೇ ಮೊದಲು.

"ಹೌದು," ಎಂದ ಅಪ್ಪ. ಬೆಂಗಳೂರಿನ ಕನ್ನಡ ಹೋಗಿ ಊರಿನ ಕನ್ನಡ ಬಂದಿತ್ತು. "ಮರ ಹತ್ತುವಾಗ ಕಾಲಿಗೆ ಹಗ್ಗದ ಬಳೆ ಹಾಕ್ತೇವೆ. ಅದರದ್ದು ಇದು. ಅಪ್ಪ ಬಿದ್ದು ಸೊಂಟ ಮುರಿದ ಮೇಲೆ ನಾನೇ ಹತ್ತಿದ್ದು. ಬೆಳಿಗ್ಗೆ ಕಳ್ಳು ಇಳಿಸಿ, ಸ್ನಾನ ಮಾಡಿ, ಕಾಲೇಜಿಗೆ."

ಶೈಲಾ ಆಂಟಿ ಮಕ್ಕಳಿಗೆ ನಾಳೆ ಸ್ಕೂಲಿದೆ ಎಂದು ಎದ್ದರು. ಕಾಫಿ ಕುಡಿಯಲಿಲ್ಲ. ಅವರ ಹಿಂದೆ ಉಳಿದವರೂ ಶೂ ಹುಡುಕಿಕೊಂಡರು. ಕೆಲವರು ಮುಂದಿನ ತಿಂಗಳು ಮತ್ತೆ ಬಂದರು, ಅಮ್ಮನ ಬಂಗುಡೆ ಹೇಗಿರುತ್ತದೆಂದು ಕೇಳಿ ಒಳಗೇ ಹುರಿಸಿಕೊಂಡು ತಿಂದರು. ರಾಘು ಅಂಕಲ್ ಮತ್ತು ಶೈಲಾ ಆಂಟಿ ಬರಲಿಲ್ಲ. ನಾವು ಕರೆಯಲೂ ಇಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟೂ ಬೇಸರವಿಲ್ಲ. ಬೇಸರ ಪಡಬೇಕಾದವರು ಅವರು.

ಕಾರುಗಳೆಲ್ಲ ಹೋದ ಮೇಲೆ ಅಪ್ಪ ಬರಿಗಾಲಲ್ಲಿ ಗ್ಯಾರೇಜಿಗೆ ಹೋದ. ಬರುವಾಗ ಎರಡೂ ಕೈಯಲ್ಲಿ ಮಣೆ ಇತ್ತು. ಅದರ ಮೇಲೆ ದೀಪ, ಲೋಟ, ರಾಘು ಅಂ​ಕಲ್‌ನ ಬಿಯರ್ ಕ್ಯಾನ್, ಎಲ್ಲ ಇದ್ದ ಹಾಗೇ. ಕಾರ್ಪೆಟ್‌ನ ನಡುವೆ ನಿಂತುಕೊಂಡ.

"ಎಲ್ಲಿ ಇಡ್ಲಿ ಅಮ್ಮ?"

"ನಾನು ಮೊದಲು ಎಲ್ಲಿ ಇಟ್ಟಿದ್ದೆ?"

ಪೂಜೆಯ ಕಪಾಟಿನ ಪಕ್ಕ ಇಟ್ಟ. ಅಮ್ಮ ಕಡ್ಡಿಪೆಟ್ಟಿಗೆ ತಂದಳು. ನಾನು ಹೇಳಿಸಿಕೊಳ್ಳದೆ ಹೋಗಿ ಹೀಟರಿನ ಹಿಂದಿನ ಭರಣಿ ಎತ್ತಿಕೊಂಡು ಬಂದೆ. ಅಜ್ಜಿ ಬಟ್ಟೆ ಬಿಚ್ಚಿ, ಸೋಸಿ, ದೈವದ ಲೋಟ ತುಂಬಿಸಿ ಇಟ್ಟು ಕೈಮುಗಿದಳು. ಆಮೇಲೆ ಇನ್ನೊಂದು ಲೋಟ ತುಂಬಿಸಿದಳು. ಎರಡನೆಯದು ಯಾರಿಗೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಅಪ್ಪನ ಕೈಗೆ ಕೊಟ್ಟಳು. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಒಂದೇ ಸಲಕ್ಕೆ ಕುಡಿದ.

"ಹುಳಿ ಜಾಸ್ತಿ ಆಯ್ತು ಅಮ್ಮ."

"ನಿನ್ನ ಜ್ಯೂಸಿಗಿಂತ ಅಡ್ಡಿಲ್ಲ."

ಈಗ ಅಜ್ಜಿ ಇಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಮಣೆ ಇಸ್ಸಾಕ್ವಾದ ನನ್ನ ಮನೆಯಲ್ಲಿದೆ, ಬಾಗಿಲು ತೆರೆದ ಕೂಡಲೇ ಕಾಣುವಲ್ಲಿ. ಪ್ರತಿ ಆಗಸ್ಟಿನಲ್ಲಿ ಅಪ್ಪ ಬರುತ್ತಾನೆ, ನಾವಿಬ್ಬರೂ ಗುಡ್ಡದ ಇಳಿಜಾರಿನಲ್ಲಿ ಕೈ ಗೀರಿಸಿಕೊಂಡು ಬ್ಲ್ಯಾಕ್‌ಬೆರಿ ಕೀಳುತ್ತೇವೆ. ನನ್ನ ಪುಸ್ತಕಗಳಲ್ಲಿ ಡಯೊನಿಸಸ್ ಮುಂಬಾಗಿಲಿನಿಂದಲೇ ಬರುತ್ತಾನೆ, ನೆಟ್ಟಗೆ ನಡೆದು ಬರುತ್ತಾನೆ, ನಗಬೇಕೆನಿಸಿದವರು ಪುಸ್ತಕ ಮುಚ್ಚಿಟ್ಟು ನಗಲಿ. ಮನೆಗೆ ಬಂದವರು ಕೆಲವರು ಮಣೆಯ ಹತ್ತಿರ ಹೋಗಿ, ಬಗ್ಗಿ ನೋಡಿ, ಲೋಟದಲ್ಲಿ ಏನಿದೆ ಎಂದು ಕೇಳುತ್ತಾರೆ. ಕಳ್ಳು ಎಂದು ಹೇಳುತ್ತೇನೆ.